ದಿಗಂತವಿಲ್ಲದ ಭೂದೃಶ್ಯಗಳು: ಕಾಳಾ ಘೋಡಾದ ಚಿತ್ರಪ್ರದರ್ಶನ ನೋಡಿದವರು ಬರೆಯಿರಿ

ಮಾಟುಂಗಾದ ಓದುಗ
(ಶುಕ್ರವಾರ, ರಾತ್ರಿ)

ಮುಂಬಯಿಯ ಕಾಳಾ ಘೋಡಾದ ಗ್ಯಾಲರಿಯೊಂದರಲ್ಲಿ ಈ ವಾರ ನಡೆಯುತ್ತಿರುವ ಚಿತ್ರಪ್ರದರ್ಶನವನ್ನು ಇಂದು ಮಧ್ಯಾಹ್ನ ನೋಡಿ ಬಂದೆ. ಉತ್ತರ ಕನ್ನಡದಲ್ಲಿ ಹುಟ್ಟಿ, ಮುಂಬಯಿಯಲ್ಲಿ ಕಲಿತು, ಇಲ್ಲಿಯೇ ನೆಲೆಸಿರುವ ಕಲಾವಿದೆಯೊಬ್ಬರ ಏಕವ್ಯಕ್ತಿ ಪ್ರದರ್ಶನವಿದು. ಒಟ್ಟು 22 ಚಿತ್ರಗಳಿವೆ; ಎಲ್ಲವೂ ನಿಸರ್ಗದಿಂದ ಪ್ರೇರಿತವಾದ ಅಮೂರ್ತ ಭೂದೃಶ್ಯಗಳೆಂದು ಬಾಗಿಲ ಬಳಿಯ ಫಲಕ ಹೇಳುತ್ತದೆ. ಸೋಮವಾರ ಸಂಜೆ ಏಳಕ್ಕೆ ಮುಗಿಯುತ್ತದೆ. ನಮ್ಮೂರ ಕಡೆಯವರೆಂಬ ಅಭಿಮಾನದಿಂದ ಹೋದೆನೆಂಬುದನ್ನು ಒಪ್ಪಿಕೊಳ್ಳುತ್ತೇನೆ. ಹತ್ತು ನಿಮಿಷಕ್ಕೆಂದು ಹೋದವನು ಒಂದೂವರೆ ಗಂಟೆ ನಿಂತೆ.

ದೊಡ್ಡ ಚಿತ್ರಗಳು ಸುಮಾರು ಐದು ಅಡಿ ಉದ್ದಗಲದ ಚೌಕಗಳು. ಒಳಕೋಣೆಯಲ್ಲಿ ಅಂಗೈಗಿಂತ ಸ್ವಲ್ಪ ದೊಡ್ಡದಾದ ಆರು ಚಿತ್ರಗಳು ಕಾಗದದ ಮೇಲಿವೆ. ತುಕ್ಕು ಹಿಡಿದ ಕಬ್ಬಿಣದಂಥ ಕೆಂಪು, ನೆನೆದ ಕಲ್ಲಿನ ಕಪ್ಪು, ಹೆಚ್ಚುಕಡಿಮೆ ಕಪ್ಪೇ ಆಗಿಬಿಟ್ಟ ಹಸಿರು, ಹಳೆಯ ಸುಣ್ಣದ ಬಿಳುಪು, ಇಷ್ಟೇ ಬಣ್ಣಗಳು. ಭೂದೃಶ್ಯವೆಂದ ಕೂಡಲೇ ನಮ್ಮ ಕಣ್ಣು ಮೊದಲು ಹುಡುಕುವುದು ನೆಲವೂ ಆಕಾಶವೂ ಸೇರುವ ಗೆರೆಯನ್ನು. ಆ ಗೆರೆ ಇಲ್ಲಿ ಮೂರೋ ನಾಲ್ಕೋ ಚಿತ್ರಗಳಲ್ಲಿ ಬಿಟ್ಟರೆ ಎಲ್ಲಿಯೂ ಇಲ್ಲ. ಚಿತ್ರಗಳಿಗೆ ಹೆಸರುಗಳೂ ಇಲ್ಲ, ಒಂದರಿಂದ ಇಪ್ಪತ್ತೆರಡರವರೆಗೆ ಅಂಕಿಗಳಷ್ಟೇ ಇವೆ.

ನನ್ನೊಡನೆ ಕುಮಟಾದಿಂದ ಬಂದಿರುವ ಚಿಕ್ಕಮ್ಮನೂ ಇದ್ದರು. ಅವರು ಆರ್ಟ್ ಗ್ಯಾಲರಿಯೊಂದರ ಒಳಗೆ ಕಾಲಿಟ್ಟದ್ದು ಇದೇ ಮೊದಲು, ಅದೂ ಹೊರಗಿನ ಸೆಕೆ ತಾಳಲಾರದೆ. ಎಂಟು ಚಿತ್ರಗಳನ್ನು ಮೌನವಾಗಿ ದಾಟಿದ ಅವರು ಒಂಬತ್ತನೆಯದರ ಮುಂದೆ ನಿಂತು, "ಇದು ನಮ್ಮ ಬಚ್ಚಲ ಹಿಂದಿನ ಗೋಡೆಯಲ್ಲವೇನೋ?" ಎಂದರು. ಮಳೆಗಾಲದ ನಾಲ್ಕು ತಿಂಗಳು ನೀರು ಇಳಿದೂ ಇಳಿದೂ ಹಾವಸೆಗಟ್ಟುವ ಆ ಮುರಕಲ್ಲಿನ, ಅಂದರೆ ಕರಾವಳಿಯ ಕೆಂಪು ಕಲ್ಲಿನ, ಗೋಡೆಯನ್ನು ನಾನೂ ಬಾಲ್ಯದಲ್ಲಿ ನೋಡಿದ್ದೇನೆ. ಚಿಕ್ಕಮ್ಮ ಹೇಳಿದ ಮೇಲೆ ನನಗೆ ಆ ಚಿತ್ರದಲ್ಲಿ ಬೇರೇನೂ ಕಾಣಲಿಲ್ಲ. ಇದು ಲಾಭವೋ ನಷ್ಟವೋ ಎಂಬ ಪ್ರಶ್ನೆ ಲೋಕಲ್ ರೈಲಿನಲ್ಲಿ ಮನೆಗೆ ಬರುವವರೆಗೂ ನನ್ನನ್ನು ಬಿಡಲಿಲ್ಲ.

ಕಲಾವಿದೆ ಊರಿನ ಹೆಸರನ್ನೋ ಗೋಡೆಯ ಹೆಸರನ್ನೋ ಬರೆದಿಟ್ಟಿದ್ದರೆ ನಾವು ಸುಲಭವಾಗಿ ಒಳಹೋಗುತ್ತಿದ್ದೆವೇ, ಅಥವಾ ಬಾಗಿಲಲ್ಲೇ ನಿಂತುಬಿಡುತ್ತಿದ್ದೆವೇ? ನೋಡಿದವರು ದಯವಿಟ್ಟು ಬರೆಯಿರಿ. ಗ್ಯಾಲರಿಯವರು ಕೊಡುವ ಕರಪತ್ರದ ಬಗ್ಗೆ ಮಾತ್ರ ನನ್ನಲ್ಲಿ ಕೇಳಬೇಡಿ; ಅದರಲ್ಲಿ "ಅನಂತದ ಹುಡುಕಾಟ" ಎಂಬ ಮಾತು ನಾಲ್ಕು ಸಲ ಬಂದಿದೆ.

ಡೊಂಬಿವಲಿ ಲೋಕಲ್
(ಶುಕ್ರವಾರ, ತಡರಾತ್ರಿ)

ಓದುಗರೇ, ನಾನು ಬುಧವಾರವೇ ನೋಡಿದ್ದೇನೆ, ಮತ್ತು ನಿಮ್ಮಷ್ಟು ಉದಾರವಾಗಿ ಬರೆಯಲಾರೆ. ನನ್ನ ಕೆಲಸದ ನಿಮಿತ್ತ ಲೋವರ್ ಪರೇಲ್‌ನ ಎಷ್ಟೋ ಹೊಸ ಕಟ್ಟಡಗಳ ಒಳಗೆ ಹೋಗಿ ಬರುತ್ತೇನೆ. ಲಿಫ್ಟಿನ ಎದುರು, ಸೋಫಾದ ಮೇಲೆ, ಕೃತಕ ಬಿದಿರಿನ ಪಕ್ಕದಲ್ಲಿ ತೂಗುಹಾಕುವ ಚಿತ್ರಗಳೆಲ್ಲ ಈಗ ಇದೇ ಜಾತಿಯವು: ಮೇಲೆ ಸ್ವಲ್ಪ ಬೂದಿ, ಕೆಳಗೆ ಸ್ವಲ್ಪ ಕಂದು, ನಡುವೆ ಚಿನ್ನದ ಹಾಳೆಯ ಚೂರು. ಯಾರನ್ನೂ ನೋಯಿಸದ, ಯಾವ ಊರಿಗೂ ಸೇರದ, ಗೋಡೆಯ ಬಣ್ಣಕ್ಕೆ ಹೊಂದಿಕೊಳ್ಳುವ ನಿಸರ್ಗ ಅದು. ಈ ಪ್ರದರ್ಶನದ 14ರಿಂದ 18ರವರೆಗಿನ ಚಿತ್ರಗಳನ್ನು ಅಂಥ ಲಾಬಿಯೊಂದಕ್ಕೆ ಒಯ್ದಿಟ್ಟರೆ ಯಾರಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಅವುಗಳಲ್ಲಿ ಎರಡಕ್ಕೆ ಚಿನ್ನದ ಹಾಳೆಯೂ ಇದೆ, ಗಮನಿಸಿದಿರಾ?

ಅಂಕಿಗಳ ವಿಷಯ: ಹೆಸರಿಡುವುದಕ್ಕೆ ಧೈರ್ಯ ಬೇಕು. "ಹೊನ್ನಾವರ" ಎಂದು ಬರೆದರೆ ಹೊನ್ನಾವರದವರು ಬಂದು ಇದರಲ್ಲಿ ನಮ್ಮ ಶರಾವತಿ ಎಲ್ಲಿದೆ ಎಂದು ಕೇಳಬಹುದು. "11" ಎಂದು ಬರೆದರೆ ಯಾರೂ ಏನನ್ನೂ ಕೇಳುವಂತಿಲ್ಲ.

ಗೆರೆಬಣ್ಣ
(ಶನಿವಾರ, ಬೆಳಿಗ್ಗೆ)

ಹಲವು ವರ್ಷಗಳ ಹಿಂದೆ ಜೆ.ಜೆ. ಕಲಾಶಾಲೆಯಲ್ಲಿ ಓದಿದವಳು ನಾನು. ಈಗ ಮಕ್ಕಳಿಗೆ ಚಿತ್ರಕಲೆ ಕಲಿಸುತ್ತೇನೆ. ಡೊಂಬಿವಲಿಯವರ ಲಾಬಿಯ ಮಾತು ಕಹಿಯಾದರೂ ನಿಜ. ಆದರೆ ನಕಲು ಹೆಚ್ಚಾಯಿತೆಂಬ ಕಾರಣಕ್ಕೆ ಅಸಲನ್ನು ಅನುಮಾನಿಸಬಾರದು. ಈ ಬಗೆಯ ಚಿತ್ರಕ್ಕೆ ಇದೇ ಊರಿನಲ್ಲಿ ಮುಕ್ಕಾಲು ಶತಮಾನದ ಬೇರುಗಳಿವೆ, ಆ ಬೇರುಗಳೂ ಒಂದೇ ತೆರನಾದವಲ್ಲ.

ಎಸ್. ಎಚ್. ರಝಾ ಅವರನ್ನೇ ನೋಡಿ. ಮಧ್ಯಪ್ರದೇಶದ ಕಾಡಿನ ನಡುವೆ, ಅರಣ್ಯ ಇಲಾಖೆಯ ನೌಕರನ ಮಗನಾಗಿ 1922ರಲ್ಲಿ ಹುಟ್ಟಿದ ಅವರು ನಲವತ್ತರ ದಶಕದಲ್ಲಿ ಮುಂಬಯಿಯ ಬೀದಿಗಳನ್ನು ಜಲವರ್ಣದಲ್ಲಿ ಬರೆಯುತ್ತಿದ್ದರು. 1950ರಲ್ಲಿ ಫ್ರಾನ್ಸಿಗೆ ಹೋದ ಮೇಲೆ ಅಲ್ಲಿನ ಹಳ್ಳಿಗಳ ಮನೆಗಳು, ಚರ್ಚುಗಳು, ಬೆಟ್ಟಗಳು ಬಂದವು. ಬರಬರುತ್ತ ಮನೆಗಳ ಅಂಚುಗಳು ಕರಗಿ, ಬಣ್ಣದ ಉರಿಯೊಂದೇ ಉಳಿಯಿತು. ಆಮೇಲೆ ಆ ಉರಿಯೂ ಶಾಂತವಾಗಿ ಬಿಂದುವಿನ ಸುತ್ತಲಿನ ಜ್ಯಾಮಿತಿಯಾಯಿತು. ಅಂದರೆ ದೃಶ್ಯದಿಂದ ಆರಂಭಿಸಿ ಒಂದೊಂದನ್ನೇ ಕಳೆಯುತ್ತ ಹೋದ ದಾರಿ ಅವರದು. ರಾಮ್ ಕುಮಾರ್ 1960ರಲ್ಲಿ ಚಿತ್ರಕಾರ ಎಂ. ಎಫ್. ಹುಸೇನರೊಂದಿಗೆ ವಾರಾಣಸಿಗೆ ಹೋದವರು ಅಲ್ಲಿನ ಗಂಗೆಯ ಘಾಟ್‌ಗಳನ್ನು ಆಮೇಲೆ ಬಿಡಲೇ ಇಲ್ಲ. ಮೊದಮೊದಲು ಒತ್ತೊತ್ತಾದ ಮನೆಗಳಾಗಿದ್ದದ್ದು ಕೊನೆಗೆ ಬಣ್ಣದ ಹಲಗೆಗಳಾಗಿ ನೀರಿನ ಮೇಲೆ ತೇಲಿತು.

ಇದಕ್ಕೆ ತೀರ ಬೇರೆಯಾದ ದಾರಿ ವಿ. ಎಸ್. ಗಾಯ್ತೊಂಡೆ ಅವರದು. ತಮ್ಮನ್ನು ಅಮೂರ್ತ ಕಲಾವಿದನೆಂದು ಕರೆಯುವುದನ್ನು ಅವರು ಒಪ್ಪುತ್ತಿರಲಿಲ್ಲ. ತಮ್ಮದು ವಸ್ತುವೇ ಇಲ್ಲದ ಚಿತ್ರವೆನ್ನುತ್ತಿದ್ದರು. ಯಾವುದೋ ಒಂದು ವಸ್ತುವಿನಿಂದ ಸಾರವನ್ನು ಹೊರತೆಗೆದರೆ ತಾನೇ ಅಮೂರ್ತ? ಅವರು ಹೊರಡುವುದೇ ಬಣ್ಣದಿಂದ, ಬಣ್ಣವನ್ನು ಹರಡುವ ರೋಲರಿನಿಂದ, ಕೆರೆಯುವ ಚೂರಿಯಿಂದ. ಆದರೂ ಅವರ ಕ್ಯಾನ್ವಾಸಿನ ಮುಂದೆ ನಿಂತವರು ಮಂಜು, ನೀರು, ಸಮುದ್ರದ ತಳ ಎಂದೇ ಮಾತಾಡುತ್ತಾರೆ. ನೋಡುವವರ ಕಣ್ಣು ಊರನ್ನು ಹುಡುಕದೆ ಬಿಡುವುದಿಲ್ಲ.

ಅಕ್ಬರ್ ಪದಮ್‌ಸೀ ಅವರದು ಇನ್ನೊಂದು. 1970ರಿಂದ ಅವರು ಬರೆದ, ಮೆಟಾಸ್ಕೇಪ್ ಎಂಬ ಕಲ್ಪಿತ ಭೂದೃಶ್ಯಗಳಲ್ಲಿ ಸೂರ್ಯ ಚಂದ್ರರಿಬ್ಬರೂ ಒಂದೇ ಆಕಾಶದಲ್ಲಿರುತ್ತಾರೆ. ಅದರ ಬೀಜ ಕಾಳಿದಾಸನ ಶಾಕುಂತಲದ ನಾಂದಿಯಲ್ಲಿದೆ, ಕಾಲವನ್ನು ನಿಯಂತ್ರಿಸುವ ಆ ಎರಡು ಎಂಬಲ್ಲಿ. ಬೆಟ್ಟ ಉಂಟು, ನೀರುಂಟು, ಆದರೆ ಅದು ಯಾವ ನಕ್ಷೆಯಲ್ಲಿಯೂ ಇಲ್ಲದ ಜಾಗ.

ನಮ್ಮ ಕಲಾವಿದೆ ಯಾವ ದಾರಿಯವರು? ನನಗೆ ಕಂಡಂತೆ, 1ರಿಂದ 12ರವರೆಗೆ ಅವರು ಕಳೆಯುತ್ತಿದ್ದಾರೆ. 13ರ ನಂತರ ಕಳೆಯಲು ಏನೂ ಇಲ್ಲದೆ ಕೂಡಿಸಲಾರಂಭಿಸಿದ್ದಾರೆ. ಚಿನ್ನದ ಹಾಳೆ ಬಂದದ್ದು ಅಲ್ಲಿಯೇ. ಆದರೆ ಕಾಗದದ ಮೇಲಿನ ಆರು ಸಣ್ಣ ಚಿತ್ರಗಳನ್ನು ನೋಡದೆ ಯಾರೂ ತೀರ್ಪು ಕೊಡಬಾರದು. ಇಡೀ ಪ್ರದರ್ಶನದ ಜೀವ ಅಲ್ಲಿದೆ, ಬೆಳಕು ಮಾತ್ರ ಅಲ್ಲಿಲ್ಲ. ಗಾಜಿನಲ್ಲಿ ನನ್ನ ಮುಖವೇ ಹೆಚ್ಚು ಕಾಣಿಸಿತು.

ಕಲೀನಾದ ತಳಮಹಡಿ
(ಶನಿವಾರ, ಮಧ್ಯಾಹ್ನ)

ನನಗೆ ಕಲೆಯ ಇತಿಹಾಸ ಗೊತ್ತಿಲ್ಲ. ಈ ಚರ್ಚೆಯನ್ನು ಓದಿ ಇಂದು ಬೆಳಿಗ್ಗೆ ಹೋಗಿಬಂದೆ. ನಾಲ್ಕನೆಯ ಚಿತ್ರ ದಿಗಂತ ಇರುವ ಕೆಲವೇ ಚಿತ್ರಗಳಲ್ಲೊಂದು: ಕೆಳಗಿನ ಮುಕ್ಕಾಲು ಭಾಗ ಮಣ್ಣಿನ ಬಣ್ಣ, ಮೇಲಿನ ಕಾಲು ಭಾಗ ಮಾಸಿದ ಬಿಳಿ, ನಡುವೆ ಅಡ್ಡಲಾಗಿ ಒಂದು ನಡುಗುವ ಗೆರೆ. ಎಲ್ಲರೂ ಅದನ್ನು ಸಮುದ್ರವೆಂದೋ ಗದ್ದೆಯೆಂದೋ ನೋಡುತ್ತಿದ್ದರು.

2005ರ ಜುಲೈ 26ರಂದು ಸಾಂತಾಕ್ರೂಝ್‌ನಲ್ಲಿ ಒಂದು ದಿನದಲ್ಲಿ 944 ಮಿಲಿಮೀಟರ್ ಮಳೆ ಬಿದ್ದಾಗ ನಮ್ಮ ತಳಮಹಡಿಯ ಮನೆಯೊಳಗೆ ನೀರು ನನ್ನ ಎದೆಯ ಮಟ್ಟಕ್ಕೆ ನಿಂತಿತ್ತು. ಇಳಿದುಹೋದ ಮೇಲೆ ನಾಲ್ಕೂ ಗೋಡೆಗಳ ಮೇಲೆ ಒಂದೇ ಎತ್ತರದಲ್ಲಿ ಗೆರೆ ಉಳಿಯಿತು, ಕೆಳಗೆ ಕೆಸರಿನ ಬಣ್ಣ, ಮೇಲೆ ಸುಣ್ಣ. ಎರಡು ಸಲ ಬಣ್ಣ ಹೊಡೆಸಿದರೂ ಮುಂದಿನ ಮಳೆಗಾಲಕ್ಕೆ ಅದು ಮತ್ತೆ ಮೂಡುತ್ತಿತ್ತು. ನಾಲ್ಕನೆಯ ಚಿತ್ರ ನನಗೆ ಆ ಗೋಡೆ. ಕಲಾವಿದೆಯ ಮನಸ್ಸಿನಲ್ಲಿ ಅದಿತ್ತೇ ಎಂದು ಕೇಳುವ ಧೈರ್ಯವಾಗಲಿಲ್ಲ. ಅವರು ಅಲ್ಲೇ ಮೂಲೆಯ ಕುರ್ಚಿಯಲ್ಲಿ ಕುಳಿತು ಯಾರೊಡನೆಯೋ ಮರಾಠಿಯಲ್ಲಿ ಮಾತಾಡುತ್ತಿದ್ದರು.

ಡೊಂಬಿವಲಿ ಲೋಕಲ್
(ಶನಿವಾರ, ಸಂಜೆ)

ನಿಮ್ಮ ಅನುಭವದ ಬಗ್ಗೆ ನನಗೆ ಗೌರವವಿದೆ. ಅಂದು ನಾನೂ ಕುರ್ಲಾದಿಂದ ಹಳಿಗಳ ಮೇಲೆ ನಡೆದವನು. ಆದರೆ ನನ್ನ ತಕರಾರು ಇದರಿಂದ ಗಟ್ಟಿಯಾಗುತ್ತದೆಯೇ ಹೊರತು ಕರಗುವುದಿಲ್ಲ. ಒಂದು ಪ್ರದರ್ಶನ ಒಬ್ಬರಿಗೆ ಬಚ್ಚಲ ಗೋಡೆ, ಇನ್ನೊಬ್ಬರಿಗೆ ನೆರೆಯ ಗುರುತು, ಮೂರನೆಯವರಿಗೆ ಅನಂತ. ಮೋಡದಲ್ಲಿ ಆನೆಯನ್ನು ಕಂಡವನು ಮೋಡವನ್ನು ಹೊಗಳುತ್ತಾನೆಯೇ? ನೋಡುವವರೇ ಎಲ್ಲವನ್ನೂ ತರುವುದಾದರೆ ಬರೆದವರ ಪಾಲೆಷ್ಟು?

ಗೆರೆಬಣ್ಣ
(ಶನಿವಾರ, ಸಂಜೆ)

ಒಂದು ವ್ಯತ್ಯಾಸವಿದೆ. ಮೋಡದಲ್ಲಿ ಒಬ್ಬನಿಗೆ ಆನೆ ಕಂಡರೆ ಇನ್ನೊಬ್ಬನಿಗೆ ಹಡಗು ಕಾಣಬಹುದು, ಅವೆರಡಕ್ಕೂ ನಂಟಿಲ್ಲ. ಇಲ್ಲಿ ಇಬ್ಬರಿಗೆ ಬೇರೆ ಬೇರೆ ಚಿತ್ರಗಳಲ್ಲಿ ಕಂಡದ್ದು ನೀರು ಕೆಡಿಸಿದ ಗೋಡೆ. ಯಾರೂ ಜೋಗವನ್ನು ಕಾಣಲಿಲ್ಲ, ಸೂರ್ಯಾಸ್ತವನ್ನು ಕಾಣಲಿಲ್ಲ, ಕರಪತ್ರದ ಅನಂತವನ್ನೂ ಕಾಣಲಿಲ್ಲ. ಕಲಾವಿದೆ ಏನನ್ನೋ ಅಷ್ಟರಮಟ್ಟಿಗೆ ಕಟ್ಟಿಹಾಕಿದ್ದಾರೆ ಎಂದಾಯಿತಲ್ಲವೇ?

ಚೌಕಟ್ಟಿನವ
(ಶನಿವಾರ, ರಾತ್ರಿ)

ಎಲ್ಲರಿಗೂ ನಮಸ್ಕಾರ. ಗಿರ್ಗಾಂವ್ ಕಡೆ ಮೂವತ್ತು ವರ್ಷಗಳಿಂದ ಚಿತ್ರಗಳಿಗೆ ಚೌಕಟ್ಟು ಹಾಕುವ ಕೆಲಸ ಮಾಡುತ್ತಿದ್ದೇನೆ. ಈ ಪ್ರದರ್ಶನದ ಚಿತ್ರಗಳಿಗೆ ಚೌಕಟ್ಟು ಹಾಕಿದವನು ನಾನಲ್ಲ, ಹಾಗಾಗಿ ನಿರಾತಂಕವಾಗಿ ಬರೆಯಬಹುದು. ನೀವೆಲ್ಲ ಚಿತ್ರದ ಮುಂಭಾಗವನ್ನು ನೋಡುತ್ತೀರಿ; ನನಗೆ ಅಂಚನ್ನು ನೋಡುವ ಚಾಳಿ. ಕ್ಯಾನ್ವಾಸನ್ನು ಮರದ ಪಟ್ಟಿಯ ಮೇಲೆ ಮಡಚಿ ಮೊಳೆ ಹೊಡೆಯುವ ಆ ಒಂದೂವರೆ ಅಂಗುಲದ ಬದಿಯಲ್ಲಿ ಚಿತ್ರಕಾರರು ಮುಚ್ಚಿಡಲು ಮರೆತ ಸಂಗತಿಗಳೆಲ್ಲ ಇರುತ್ತವೆ. ಈ ಚಿತ್ರಗಳಿಗೆ ಹೊರಚೌಕಟ್ಟು ಇಲ್ಲದ್ದರಿಂದ ಅಂಚು ಚೆನ್ನಾಗಿ ಕಾಣುತ್ತದೆ.

ಅಲ್ಲಿ ನಾನು ಕಂಡದ್ದು ಇದು. ಮೊದಲ ಹನ್ನೆರಡು ಚಿತ್ರಗಳಲ್ಲಿ ಪದರಗಳು ತುಂಬಾ ಇವೆ, ಒಂದರಲ್ಲಿ ನಾನು ಒಂಬತ್ತರವರೆಗೆ ಎಣಿಸಿದೆ. ಎಣ್ಣೆಬಣ್ಣ ನೀರು ಆರುವಂತೆ ಆರುವುದಿಲ್ಲ. ಅದರಲ್ಲಿರುವ ಅಗಸೆ ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗಬೇಕು. ದಪ್ಪಗೆ ಬಳಿದರೆ ಮೇಲೆ ಕೆನೆಗಟ್ಟಿ ಒಳಗೆ ಹಸಿಯಾಗಿಯೇ ಇರುತ್ತದೆ. ಆದ್ದರಿಂದಲೇ ಕೆಳಗಿನ ಪದರಕ್ಕೆ ಎಣ್ಣೆ ಕಡಿಮೆ, ಮೇಲಿನದಕ್ಕೆ ಹೆಚ್ಚು ಎಂಬ ಹಳೆಯ ನಿಯಮವಿದೆ. ತಪ್ಪಿದರೆ ಬಣ್ಣ ಬಿರುಕು ಬಿಡುತ್ತದೆ. ಮುಂಬಯಿಯ ಮಳೆಗಾಲದಲ್ಲಿ ಕ್ಯಾನ್ವಾಸ್ ಸಡಿಲಗೊಂಡು, ಹಿಂಬದಿಗೆ ಬೂಷ್ಟು ಹಿಡಿದು, ಒಂದು ಪದರಕ್ಕೆ ವಾರಗಟ್ಟಲೆ ಕಾಯಬೇಕಾಗುತ್ತದೆ. ಒಂಬತ್ತು ಪದರಗಳೆಂದರೆ ಒಂದು ಇಡೀ ಮಳೆಗಾಲ. 14ರಿಂದ ಮುಂದಿನವು ಅಕ್ರಿಲಿಕ್. ಅದರಲ್ಲಿರುವ ನೀರು ಆವಿಯಾದರೆ ಮುಗಿಯಿತು, ಒಂದು ಗಂಟೆಯಲ್ಲಿ ಮುಂದಿನ ಪದರ ಹಾಕಬಹುದು. ಗೆರೆಬಣ್ಣ ಮೇಡಂ ಅವರು ಹೇಳಿದ ವ್ಯತ್ಯಾಸಕ್ಕೆ ಕಾರಣ ಅದೇ ಇರಬಹುದು. ಅಕ್ರಿಲಿಕ್ ಕೆಟ್ಟದ್ದೆಂದು ಹೇಳುತ್ತಿಲ್ಲ, ಅದರಲ್ಲಿ ಅದ್ಭುತ ಕೆಲಸ ಮಾಡಿದವರಿದ್ದಾರೆ. ಆದರೆ ಕಾಯುವಾಗ ಮನುಷ್ಯ ಯೋಚಿಸುತ್ತಾನೆ, ಅಳಿಸುತ್ತಾನೆ; ಕಾಯಬೇಕಾಗಿಲ್ಲದಿದ್ದರೆ ಚಿನ್ನದ ಹಾಳೆ ಅಂಟಿಸುತ್ತಾನೆ.

ಇನ್ನೊಂದು ವಿಷಯ, ಆ ಕೆಂಪು. ಟ್ಯೂಬಿನಿಂದ ಬಂದ ಬರ್ನ್ಟ್ ಸಿಯೆನ್ನಾ ಬಣ್ಣ ಅಷ್ಟು ಒರಟಾಗಿರುವುದಿಲ್ಲ. ಬಗ್ಗಿ ನೋಡಿದರೆ ಸಣ್ಣ ಸಣ್ಣ ಕಾಳುಗಳು ಕಾಣಿಸುತ್ತವೆ. ನಾನು ಕಲಾವಿದೆಯನ್ನೇ ಕೇಳಿದೆ. ಊರಿನ ಮುರಕಲ್ಲಿನ ಮಣ್ಣನ್ನು ನೀರಿನಲ್ಲಿ ಕದಡಿ, ಮರಳು ತಳಕ್ಕಿಳಿದ ಮೇಲೆ ಮೇಲಿನ ಕೆಂಪು ನೀರನ್ನು ಬಸಿದು, ಆ ನೀರು ಆರಿದ ಮೇಲೆ ಉಳಿದ ಹುಡಿಯನ್ನು ಎಣ್ಣೆಯಲ್ಲಿ ಅರೆದದ್ದಂತೆ. ಸ್ವಲ್ಪ ಒರಟನ್ನು ಬೇಕೆಂದೇ ಬಿಟ್ಟಿದ್ದಾರೆ. ಆ ಮಣ್ಣಿನ ಕೆಂಪು ಕಬ್ಬಿಣದ ಆಕ್ಸೈಡಿನದು, ಬಿಸಿಲಿಗೆ ಮಾಸುವುದಿಲ್ಲ. ಹಾಗಾಗಿ ಡೊಂಬಿವಲಿಯವರೇ, ಊರಿನ ಹೆಸರು ಫಲಕದಲ್ಲಿ ಇಲ್ಲದಿದ್ದರೂ ಊರು ಚಿತ್ರದೊಳಗೇ ಇದೆ.

ಪದವಿನವ
(ಭಾನುವಾರ, ಬೆಳಿಗ್ಗೆ)

ಚೌಕಟ್ಟಿನವರ ಪತ್ರ ಓದಿ ಸಂತೋಷವಾಯಿತು. ಅವರು ವಿವರಿಸಿದ ಕೆಂಪಿಗೆ ನಮ್ಮ ಕಡೆ ಒಂದು ಹಳೆಯ ವಂಶವೇ ಇದೆ. ಗೋವೆಯಿಂದ ಉತ್ತರ ಕನ್ನಡದವರೆಗಿನ ಹಳೆಯ ದೇವಸ್ಥಾನಗಳ, ಮನೆಗಳ ಗೋಡೆಗಳ ಮೇಲೆ ಕಾವಿ ಕಲೆಯನ್ನು ನೋಡಿರಬಹುದು: ಬಿಳಿಯ ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಹಚ್ಚಿ, ಅದು ಹಸಿಯಾಗಿರುವಾಗಲೇ ಮೊನೆಯಿಂದ ಕೆರೆದು ಒಳಗಿನ ಬಿಳಿಯನ್ನು ಹೊರತರುವ ಕೆಲಸ. ಎರಡೇ ಬಣ್ಣಗಳಲ್ಲಿ ಬಳ್ಳಿ, ಹೂ, ದೇವತೆ ಎಲ್ಲವೂ ಮೂಡುತ್ತಿದ್ದವು. ಕಲಾವಿದೆಯ ಆರನೆಯ ಮತ್ತು ಒಂಬತ್ತನೆಯ ಚಿತ್ರಗಳಲ್ಲಿ ಮೇಲಿನ ಕೆಂಪನ್ನು ಕೆರೆದು ಕೆಳಗಿನ ಬಿಳಿಯನ್ನು ತೋರಿಸಿದ ಕಡೆ ನನಗೆ ಅದೇ ಕೈ ಕಂಡಿತು, ಬಳ್ಳಿ ಹೂಗಳು ಮಾತ್ರ ಇಲ್ಲ. ಅಮೂರ್ತವೆಂಬುದು ಪ್ಯಾರಿಸಿನಿಂದಲೇ ಬರಬೇಕೆಂದೇನೂ ಇಲ್ಲ.

ದಿಗಂತದ ಬಗ್ಗೆ ಒಂದು ಮಾತು. ನಾನು ವರ್ಷಕ್ಕೆರಡು ಸಲ ಕೊಂಕಣ ರೈಲಿನಲ್ಲಿ, ಹಗಲು ಹೊತ್ತಿನಲ್ಲಿ, ಊರಿಗೆ ಹೋಗುವವನು. ರತ್ನಾಗಿರಿಯ ಬಳಿ ಆರೂವರೆ ಕಿಲೋಮೀಟರ್ ಉದ್ದದ ಕರ್ಬುಡೆ ಸುರಂಗವಿದೆ. ಕತ್ತಲೆಗೆ ಒಗ್ಗಿದ ಕಣ್ಣಿಗೆ ಹೊರಬಂದ ಆ ಕ್ಷಣದಲ್ಲಿ ಮರವೂ ಕಾಣುವುದಿಲ್ಲ, ಗುಡ್ಡವೂ ಕಾಣುವುದಿಲ್ಲ. ಹಸಿರೊಂದು ಮುಖಕ್ಕೆ ಬಡಿಯುತ್ತದೆ, ಆಮೇಲೆ ನಿಧಾನವಾಗಿ ಅದು ಎಲೆಯಾಗಿ, ಮನೆಯಾಗಿ ಬಿಡಿಬಿಡಿಯಾಗುತ್ತದೆ. ಎರಡನೆಯ ಚಿತ್ರವನ್ನು ನೋಡಿದಾಗ ಬಿಡಿಯಾಗುವ ಮುಂಚಿನ ಆ ಹಸಿರಿನಲ್ಲಿಯೇ ನಿಂತುಬಿಟ್ಟಂತಾಯಿತು. ಮಳೆಗಾಲದ ಪದವಿನ, ಅಂದರೆ ಗುಡ್ಡದ ಮೇಲಿನ ಬಯಲಿನ, ಮೇಲೆ ನಿಂತವರಿಗೂ ಇದು ಹೊಸತಲ್ಲ. ಮಳೆ ಕವಿದು ಹತ್ತು ಮಾರು ಆಚೆ ಏನೂ ಕಾಣದಿರುವಾಗ ಯಾವ ದಿಗಂತ? ನಮ್ಮ ಊರಿನಲ್ಲಿ ಮಳೆಗಾಲವಿಡೀ ದಿಗಂತಕ್ಕೆ ರಜೆ. ಅದನ್ನು ಬರೆಯದಿರುವುದೇ ಅಲ್ಲಿನ ಯಥಾರ್ಥ ಚಿತ್ರಣ.

ಮುಳಾ ತೀರ
(ಭಾನುವಾರ, ಮಧ್ಯಾಹ್ನ)

ಪುಣೆಯಿಂದ ಬರೆಯುತ್ತಿದ್ದೇನೆ. ನಿನ್ನೆ ಬೆಳಗಿನ ರೈಲಿನಲ್ಲಿ ಬಂದು ನೋಡಿ ರಾತ್ರಿ ಮರಳಿದೆ. ಹೆಸರಿನ ಪ್ರಶ್ನೆಗೆ ಯಾರೂ ಪೂರ್ತಿ ಉತ್ತರ ಕೊಡಲಿಲ್ಲವೆನ್ನಿಸಿತು.

ಹೆಸರಿಟ್ಟ ಮಾತ್ರಕ್ಕೆ ಅಮೂರ್ತ ಕೆಡುವುದಿಲ್ಲ. ರಝಾ ಅವರು 1981ರ "ಮಾ" ಎಂಬ ಚಿತ್ರದಲ್ಲಿ ಅಶೋಕ ವಾಜಪೇಯಿ ಅವರ ಕವಿತೆಯ ಸಾಲೊಂದನ್ನು ದೇವನಾಗರಿಯಲ್ಲಿ ಬರೆದೇಬಿಟ್ಟಿದ್ದಾರೆ. ಮೂವತ್ತು ವರ್ಷ ಫ್ರಾನ್ಸಿನಲ್ಲಿದ್ದವರಿಗೆ ತಮ್ಮ ನೆಲಕ್ಕೆ ಹಿಂದಿರುಗಲು ಬಣ್ಣವೊಂದೇ ಸಾಲಲಿಲ್ಲ, ಅಕ್ಷರವೂ ಬೇಕಾಯಿತು. ಆ ಸಾಲಿನಿಂದ ಚಿತ್ರ ಕಿರಿದಾಯಿತೆಂದು ನನಗೆ ಅನ್ನಿಸುವುದಿಲ್ಲ.

ನಮ್ಮ ಕಲಾವಿದೆ ಊರ ಹೆಸರಿಗೆ ಹೆದರಿದ್ದರೆ ಅದಕ್ಕೆ ಕಾರಣವುಂಟು: ಊರಿನ ಹೆಸರು ಎಲ್ಲಿ ಎಂದು ಹೇಳುತ್ತದೆ, ಯಾವಾಗ ಎಂದು ಹೇಳುವುದಿಲ್ಲ. ಈ ಚಿತ್ರಗಳಿರುವುದು ಯಾವಾಗ ಎಂಬುದರಲ್ಲಿ. ನಮ್ಮ ಹಿರಿಯರ ಬಾಯಲ್ಲಿ ಮಳೆಗೆ ನಕ್ಷತ್ರದ ಹೆಸರುಗಳಿದ್ದವು. ಸೂರ್ಯ ಒಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ. ಜೂನ್ ಮೊದಲ ವಾರ ಕಳೆಯುತ್ತಲೇ ಮೃಗಶಿರಾ, ಆಮೇಲೆ ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷಾ. ಆರಿದ್ರಾ ಮಳೆಯೆಂದರೆ ರೈತನಿಗೆ ನೆಲದ ಹದವೂ ತಿಳಿಯುತ್ತದೆ, ಆಕಾಶದ ಬಣ್ಣವೂ ತಿಳಿಯುತ್ತದೆ. ಒಂದೊಂದು ಪದರಕ್ಕೆ ವಾರಗಟ್ಟಲೆ ಕಾದ ಚಿತ್ರಕ್ಕೆ "ಪುಷ್ಯ" ಎಂದು ಹೆಸರಿಟ್ಟಿದ್ದರೆ ಅದು ವಿವರಣೆಯೂ ಆಗುತ್ತಿರಲಿಲ್ಲ, ತಪ್ಪಿಸಿಕೊಂಡಂತೆಯೂ ಆಗುತ್ತಿರಲಿಲ್ಲ. ಅಂಕಿಗಳು ನನಗೆ ಇಷ್ಟವಾಗಲಿಲ್ಲ. ಪ್ರದರ್ಶನ ಇಷ್ಟವಾಯಿತು.

ಡೊಂಬಿವಲಿ ಲೋಕಲ್
(ಭಾನುವಾರ, ಸಂಜೆ)

ಮುಳಾ ತೀರದವರ ಸಲಹೆ ನನ್ನ ಅರ್ಧ ಸಿಟ್ಟನ್ನು ಇಳಿಸಿತು. ಮಣ್ಣಿನ ವಿಷಯವನ್ನು ಮಾತ್ರ ಇನ್ನೂ ಒಪ್ಪಲಾರೆ. ಊರಿನ ಮಣ್ಣನ್ನು ಅರೆದು ಹಚ್ಚಿದರೆ ಚಿತ್ರ ಊರಿನದಾಗುವುದಾದರೆ ನಮ್ಮ ಮಂಗಳೂರು ಹೆಂಚು ಎಲ್ಲಕ್ಕಿಂತ ದೊಡ್ಡ ಭೂದೃಶ್ಯ. ವಸ್ತು ಪ್ರಾಮಾಣಿಕವಾಗಿರಬಹುದು, ಅದರಿಂದ ಚಿತ್ರ ಒಳ್ಳೆಯದಾಗಬೇಕೆಂದಿಲ್ಲ. ಆದರೂ 1ರಿಂದ 12ರವರೆಗಿನವನ್ನು ಲಾಬಿಯ ಚಿತ್ರಗಳ ಜೊತೆ ಸೇರಿಸಿದ್ದು ನನ್ನ ತಪ್ಪು. ಚೌಕಟ್ಟಿನವರು ಹೇಳುವವರೆಗೆ ನಾನು ಅಂಚನ್ನು ನೋಡಿರಲಿಲ್ಲ, ನಿಜ ಹೇಳಬೇಕೆಂದರೆ ಚಿತ್ರವನ್ನೂ ಎರಡು ನಿಮಿಷಕ್ಕಿಂತ ಹೆಚ್ಚು ನೋಡಿರಲಿಲ್ಲ. ಊಟದ ಬಿಡುವಿನಲ್ಲಿ ಹೋಗಿದ್ದೆ.

ಗೆರೆಬಣ್ಣ
(ಭಾನುವಾರ, ರಾತ್ರಿ)

ಹೆಂಚಿನ ಮಾತಿಗೆ ನಕ್ಕೆ, ಆದರೆ ಅದು ಸರಿಯಾದ ಪ್ರಶ್ನೆ. ಮಣ್ಣು ಚಿತ್ರವಾಗುವುದು ಚಿತ್ರಕಾರರು ಅದರ ಮಾತು ಕೇಳಿದಾಗ. ಐದನೆಯ ಚಿತ್ರದಲ್ಲಿ ಅದೇ ಮಣ್ಣು ಇದೆ, ಆದರೆ ಬಳಿದ ರೀತಿ ಟ್ಯೂಬಿನ ಬಣ್ಣವನ್ನು ಬಳಿದ ಹಾಗೆ ಸಪಾಟು. ಅಲ್ಲಿ ಮಣ್ಣು ಬರಿಯ ಕಥೆ. ಏಳು, ಒಂಬತ್ತು, ಹನ್ನೊಂದರಲ್ಲಿ ಅದು ನೀರಿನಂತೆ ತೆಳುವಾಗಿ ಇಳಿದು, ಒರಟು ಕಾಳು ಸಿಕ್ಕಲ್ಲಿ ಕವಲೊಡೆದು, ತಗ್ಗಿನಲ್ಲಿ ನಿಂತು ಕಪ್ಪಾಗಿದೆ. ನಿಜವಾದ ಗುಡ್ಡದ ಮೇಲೆ ಮಳೆನೀರು ಮಾಡುವ ಕೆಲಸವೇ ಅದು. ಗುಡ್ಡದ ಆಕಾರವನ್ನು ಬರೆಯುವ ಬದಲು ಗುಡ್ಡವನ್ನು ಕೊರೆಯುವ ಕೆಲಸವನ್ನು ಚಿಕ್ಕದಾಗಿ ಕ್ಯಾನ್ವಾಸಿನ ಮೇಲೆ ನಡೆಯಗೊಟ್ಟಿದ್ದಾರೆ. ಅಮೂರ್ತ ಭೂದೃಶ್ಯವೆಂಬ ಮಾತಿಗೆ ನನಗೆ ತಿಳಿದ ಅರ್ಥ ಇಷ್ಟೇ, ಮತ್ತು 22ರಲ್ಲಿ ಏಳೋ ಎಂಟೋ ಚಿತ್ರಗಳು ಅದಕ್ಕೆ ನಿಲ್ಲುತ್ತವೆ. ಒಂದು ಪ್ರದರ್ಶನಕ್ಕೆ ಅದು ಕಡಿಮೆಯಲ್ಲ.

ಪಕ್ಕದ ಒಂದು ಮಾತು. ನಮ್ಮವರೆಂಬ ಅಭಿಮಾನದಿಂದ ಹೋದೆನೆಂದು ಓದುಗರು ಸಂಕೋಚದಿಂದ ಬರೆದಿದ್ದರು. ಸಂಕೋಚ ಬೇಡ. 1952ರಲ್ಲಿ ಕಾಳಾ ಘೋಡಾದ ಜಹಾಂಗೀರ್ ಆರ್ಟ್ ಗ್ಯಾಲರಿ ಆರಂಭವಾದದ್ದರ ಹಿಂದೆ ವಿಜ್ಞಾನಿ ಹೋಮಿ ಭಾಭಾ ಅವರ ಜೊತೆಗೆ ಉಡುಪಿ ಬಳಿಯ ಕಟ್ಟಿಂಗೇರಿಯ ಚಿತ್ರಕಾರ ಕೆ. ಕೆ. ಹೆಬ್ಬಾರರ ಒತ್ತಾಸೆಯೂ ಇತ್ತು. ಆ ಗ್ಯಾಲರಿಯ ಮೆಟ್ಟಿಲು ಹತ್ತುವಾಗ ನಾವು ಪರಸ್ಥಳದವರೆಂದು ಅಂದುಕೊಳ್ಳಬೇಕಾಗಿಲ್ಲ.

ಮಾಟುಂಗಾದ ಓದುಗ
(ಸೋಮವಾರ, ರಾತ್ರಿ)

ಕೊನೆಯ ದಿನವಾದ ಇಂದು ಸಂಜೆ ಐದೂವರೆಗೆ ಮತ್ತೆ ಹೋಗಿದ್ದೆ, ಚಿಕ್ಕಮ್ಮನೂ ಬಂದರು. ಈ ಸಲ ಸೆಕೆಯ ನೆಪ ಹೇಳಲಿಲ್ಲ.

ಚೌಕಟ್ಟಿನವರು ಹೇಳಿದಂತೆ ಅಂಚುಗಳನ್ನು ನೋಡಿದೆ. ಏಳನೆಯ ಚಿತ್ರದಲ್ಲಿ ಯಾರೂ ಬರೆಯದ ಒಂದು ಸಂಗತಿ ಕಂಡಿತು. ಬಣ್ಣದ ಸೋರಿಕೆಗಳು ಕೆಳಗಿನ ಅಂಚಿಗೆ ಇಳಿದಿವೆ, ಸರಿ. ಆದರೆ ಎಡಗಡೆಯ ಅಂಚಿಗೂ ಇಳಿದಿವೆ, ಮೇಲಿನ ಅಂಚಿಗೂ ಹೋಗಿವೆ. ಅಂದರೆ ಬರೆಯುವಾಗ ಕ್ಯಾನ್ವಾಸನ್ನು ಕನಿಷ್ಠ ಎರಡು ಸಲ ತಿರುಗಿಸಿದ್ದಾರೆ. ದಿಗಂತವೇ ಇಲ್ಲವೆಂದು ಶುಕ್ರವಾರ ಬರೆದಿದ್ದೆ. ಮೇಲು ಯಾವುದು ಕೆಳಗೆ ಯಾವುದು ಎಂಬುದೇ ಕೊನೆಯವರೆಗೆ ತೀರ್ಮಾನವಾಗದ ಚಿತ್ರದಲ್ಲಿ ದಿಗಂತ ಎಲ್ಲಿ ನಿಲ್ಲಬೇಕು? ಕಲಾವಿದೆಯೊಡನೆ ಈ ಬಗ್ಗೆ ಮಾತಾಡಿದೆ. ನಾಲ್ಕು ಅಂಚುಗಳಲ್ಲಿ ಯಾವುದು ಕೆಳಗೆ ಬರಬೇಕೆಂದು ತೂಗುಹಾಕುವ ದಿನದ ಬೆಳಿಗ್ಗೆ ತೀರ್ಮಾನಿಸಿದರಂತೆ, ಹಿಂಬದಿಯಲ್ಲಿ ತಂತಿಯ ಕೊಂಡಿಗಳು ಎರಡು ಜೊತೆ ಇವೆಯಂತೆ. ಮುಳಾ ತೀರದವರ ನಕ್ಷತ್ರಗಳ ಸಲಹೆಯನ್ನೂ ತಲುಪಿಸಿದೆ. ಒಂದು ಕ್ಷಣ ಸುಮ್ಮನಿದ್ದು, ಆಶ್ಲೇಷಾ ಮಳೆಗೆ ತಮ್ಮ ಸ್ಟುಡಿಯೋದ ಚಾವಣಿ ಸೋರುತ್ತದೆಂದು ಹೇಳಿ ನಕ್ಕರು. ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ.

14ರಿಂದ 18ರವರೆಗಿನವು ಇಂದೂ ನನಗೆ ಏನನ್ನೂ ಹೇಳಲಿಲ್ಲ. ಅವುಗಳಲ್ಲಿ ಮೂರರ ಪಕ್ಕದಲ್ಲಿ ಮಾರಾಟವಾದ ಕೆಂಪು ಚುಕ್ಕಿ ಇತ್ತು; ಡೊಂಬಿವಲಿಯವರಿಗೆ ಈ ಸಮಾಚಾರದಿಂದ ಸಂತೋಷವಾಗಬಹುದು. ಒಂಬತ್ತರ ಪಕ್ಕದಲ್ಲಿ ಚುಕ್ಕಿ ಇರಲಿಲ್ಲ.

ಚಿಕ್ಕಮ್ಮ ಈ ಸಲ ಒಂಬತ್ತರ ಮುಂದೆ ಬಹಳ ಹೊತ್ತು ನಿಂತಿದ್ದರು. ಬಚ್ಚಲ ಗೋಡೆಯೇ ಹೌದೇ ಎಂದು ಕೇಳಿದೆ. "ಗೋಡೆಯಲ್ಲ. ನೀರು ಒಳಗಿಂದ ಬರುತ್ತಿದೆ ನೋಡು, ಹೊರಗಿನಿಂದ ಅಲ್ಲ. ಇದು ಬಾವಿ" ಎಂದರು. ನಾನು ಮತ್ತೆ ನೋಡುವಷ್ಟರಲ್ಲಿ ಗ್ಯಾಲರಿಯ ಹುಡುಗ ಬಂದು ಒಳಕೋಣೆಯ ದೀಪಗಳನ್ನು ಒಂದೊಂದಾಗಿ ಆರಿಸತೊಡಗಿದ.